ಹೊನ್ನೆಮರದ ಗುರುತು

"ಮತ್ತೆ ಬಂದಳು ನೋಡಿ ಗುರುಗಳೇ! ಬೆಳಗಿನಿಂದ ಇದು ನಾಲ್ಕನೇ ಸಲ. ಒಂದು ಗೆರೆ ಎಳೆದು ಮುಗಿಸಲು ಬಿಡುವುದಿಲ್ಲ ಇವಳು."

ನಾಗವೇಣಿ ಆಶ್ರಮದ ಅಂಗಳದಲ್ಲಿ ಕೂತು ರಂಗೋಲಿ ಪುಡಿಯಿಂದ ಗುಡ್ಡದ ನಕ್ಷೆ ಬರೆಯುತ್ತಿದ್ದಳು. ಅವಳು ಎಲ್ಲ ಕೆಲಸವನ್ನೂ ಎಡಗೈಯಿಂದ ಮಾಡುವವಳು.

ಬಂದವಳು ನೀಲವ್ವ. ಸೊಂಟದಲ್ಲಿ ವರ್ಷದ ಮಗಳು, ಕೈಯಲ್ಲಿ ಅಳತೆಯ ಕೋಲು, ಕಾಲಿಗೆ ಮೊಣಕಾಲಿನ ತನಕ ಕೆಸರು.

ಕಟ್ಟೆಯ ಮೇಲಿದ್ದ ಗುರುಗಳು, "ಕೇಳಲಿ ಬಿಡು," ಎಂದರು. ನೀಲವ್ವನಿಂದ ಮಗುವನ್ನು ಎತ್ತಿಕೊಂಡು ಕರು ತೋರಿಸಲು ಕೊಟ್ಟಿಗೆಯ ಕಡೆ ನಡೆದರು.

ನಾಗವೇಣಿ ಅರ್ಧ ಎಳೆದಿದ್ದ ಗೆರೆಯನ್ನು ಅಂಗೈಯಿಂದ ಅಳಿಸಿದಳು. ಎಂಟು ವರ್ಷದಲ್ಲಿ ಗುರುಗಳು ತನ್ನ ಸೊಂಟದಿಂದ ಒಂದು ಬಿಂದಿಗೆಯನ್ನೂ ಇಳಿಸಿಕೊಂಡಿರಲಿಲ್ಲ.

ನೀಲವ್ವ ಬಂದು ಬರೀ ಎಂಟು ತಿಂಗಳು. ಎಂಟು ವರ್ಷ ದುಡಿದವಳಿಗೆ ಎಂಟು ತಿಂಗಳಿನವಳನ್ನು ಕಂಡರೆ ಹೇಗಾಗುತ್ತದೆ ಎಂದು, ಓರಗಿತ್ತಿ ಇರುವ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಮೂರು ತಿಂಗಳ ಹಿಂದೆ ಗುರುಗಳು ಇಬ್ಬರನ್ನೂ ಗುಡ್ಡದ ತುದಿಗೆ ಕರೆದೊಯ್ದಿದ್ದರು. ಕೆಳಗೆ, ಹೊಳೆ ಕಡಲನ್ನು ಸೇರುವಲ್ಲಿ, ಮೀನುಗಾರರ ಹನ್ನೆರಡು ಮನೆಗಳ ಕೇರಿ ಇತ್ತು.

"ಮಳೆಗಾಲದಲ್ಲಿ ಗುಡ್ಡದ ನೀರು ಆ ಮನೆಗಳೊಳಗೆ ನುಗ್ಗುತ್ತದೆ," ಎಂದರು ಗುರುಗಳು. "ಬೇಸಿಗೆಯಲ್ಲಿ ಅದೇ ಮನೆಯವರಿಗೆ ಕುಡಿಯಲು ನೀರಿಲ್ಲ. ಬಿರುಗಾಳಿಯ ಕಾಲ ಬರುವುದರೊಳಗೆ ಇದಕ್ಕೆ ಒಂದು ದಾರಿ ಮಾಡಿ. ಇಬ್ಬರೂ ಸೇರಿ."

ನಾಗವೇಣಿ ಉಳಿದದ್ದನ್ನೆಲ್ಲ ಕೇಳಿಸಿಕೊಂಡಳು. 'ಇಬ್ಬರೂ ಸೇರಿ' ಎಂದದ್ದನ್ನು ಮಾತ್ರ ಕೇಳಿಸಿಕೊಳ್ಳಲಿಲ್ಲ.

"ಗುಡ್ಡ ನನ್ನದು, ಕೆಳಗಿನದು ನಿನ್ನದು," ಎಂದು ಅಂದೇ ಪಾಲು ಮಾಡಿದಳು.

ಅವಳ ಕೆಲಸದಲ್ಲಿ ಹುಳುಕಿರಲಿಲ್ಲ. ಇಳಿಜಾರಿಗೆ ಅಡ್ಡವಾಗಿ ಸಾಲು ಸಾಲು ಇಂಗುಗುಂಡಿ ತೋಡಿಸಿದಳು. ಗುಂಡಿಗಳ ಅಂಚಿಗೆ ಲಾವಂಚದ ಹುಲ್ಲು ನೆಡಿಸಿದಳು. ಓಡಿ ಬರುತ್ತಿದ್ದ ನೀರು ಇನ್ನು ಮುಂದೆ ನಡೆದು ಬರಬೇಕು, ಹಾಗೆ.

ನೀಲವ್ವನ ಕೆಲಸದಲ್ಲೂ ಹುಳುಕಿರಲಿಲ್ಲ. ನಾಗವೇಣಿಗೆ ನುಂಗಲಾಗದ ತುತ್ತು ಅದೇ.

ನೀಲವ್ವ ಬಯಲುಸೀಮೆಯವಳು, ಕೆರೆ ಕಟ್ಟುವವರ ಮನೆಯ ಮಗಳು. ಕೇರಿಯ ತಗ್ಗಿನಲ್ಲಿ, ಕುಡಿಯುವ ನೀರಿನ ಬಾವಿಯ ಪಕ್ಕಕ್ಕೆ ಒಂದು ಕೊಳ ತೋಡಿಸಿದಳು. ಗುಡ್ಡದಿಂದ ಇಳಿದ ನೀರು ಅಲ್ಲಿ ನಿಂತು, ಇಂಗಿ, ಬಾವಿಗೆ ಸೇರಬೇಕು. ಹೆಚ್ಚಾದದ್ದು ಹೊಳೆಗೆ ಹೋಗಲು ಒಂದು ಹಲಗೆಯ ಬಾಗಿಲು ಇಟ್ಟಳು. ಒಳಗಿನ ನೀರು ತಳ್ಳಿದರೆ ಅದು ತೆರೆಯುತ್ತದೆ, ಕಡಲು ತಳ್ಳಿದರೆ ತಾನೇ ಮುಚ್ಚಿಕೊಳ್ಳುತ್ತದೆ.

ಅದನ್ನು ನೋಡಿ ಗುರುಗಳು ಚಪ್ಪಾಳೆ ತಟ್ಟಿದ್ದರು. ಮಗುವೂ ತಟ್ಟಿತ್ತು.

ಅಂದು ಊಟಕ್ಕೆ ಕೂತಾಗ ಹಲ್ಲಿಲ್ಲದ ಗುರುಗಳು ನೀಲವ್ವನ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನೆನೆಸಿ ತಿಂದರು. ನಾಗವೇಣಿ ಮಾಡಿದ ಮೆತ್ತನೆಯ ಗಂಜಿ ಕೆನೆಗಟ್ಟಿ ಆರಿತು.

ಈಗ ಕೊಳಕ್ಕೂ ಹೊಳೆಗೂ ನಡುವಿನ ಮಣ್ಣಿನ ಏರಿ ಒಂದೇ ಬಾಕಿ.

"ಅಕ್ಕಾ, ಸಿಟ್ಟಾಗಬ್ಯಾಡ್ರಿ," ಎಂದಳು ನೀಲವ್ವ. "ನಮ್ಮ ಕಡೆ ನೀರು ಮ್ಯಾಲಿಂದ ಅಷ್ಟ ಬರ್ತದ. ಇಲ್ಲಿ ಎರಡೂ ಕಡೆಯಿಂದ ಬರ್ತದಲ್ರೀ! ಹಿಂದಿನ ದೊಡ್ಡ ಬಿರುಗಾಳಿಯಾಗ ಸಮುದ್ರ ಎಲ್ಲೀತನಕ ಏರಿತ್ತು?"

"ಕೇರಿಯವರನ್ನು ಕೇಳು."

"ಕೇಳೀನಿ. ಅವರೆಲ್ಲ ಗುಡ್ಡಕ್ಕ ಓಡಿ ಬಂದಿದ್ರಂತ. ತಿರುಗಿ ಹೋಗೂದ್ರೊಳಗ ನೀರು ಇಳಿದಿತ್ತಂತ. ಒಬ್ಬರು ಪಾದ ಅಂತಾರ, ಒಬ್ಬರು ಮೊಣಕಾಲು ಅಂತಾರ. ಕೆಳಗ ಉಳಿದಾಕಿ ನೀವೊಬ್ರ ಅಂತ ಹೇಳಿದ್ರು."

ನಿಜ. ಐದು ವರ್ಷಗಳ ಹಿಂದೆ, ಕಟ್ಟಿದ ಹಸುವನ್ನು ಬಿಚ್ಚಲು ಕೇರಿಗೆ ಇಳಿದಿದ್ದ ನಾಗವೇಣಿ ಹೊಳೆದಂಡೆಯ ಹೊನ್ನೆಮರವನ್ನು ತಬ್ಬಿಕೊಂಡು ನಿಂತಿದ್ದಳು. ಕಡಲು ಬಂದು ಸೊಂಟ ಮುಟ್ಟಿದ್ದನ್ನು ಅವಳ ಮೈಯೇ ಬಲ್ಲದು. ನೀರು ಇಳಿದ ಮೇಲೆ ಮರದ ಮೇಲೆ ಆ ಮಟ್ಟಕ್ಕೆ ಕತ್ತಿಯಿಂದ ಒಂದು ಗುರುತು ಕೊಯ್ದಿದ್ದಳು. ಈಗ ಅದರ ಮೇಲೆ ಬಳ್ಳಿ ಹಬ್ಬಿದೆ.

ಕೊಟ್ಟಿಗೆಯ ಕಡೆಯಿಂದ ಮಗುವಿನ ಕೇಕೆ ಕೇಳಿಸಿತು. ಹಿಂದೆಯೇ ಗುರುಗಳ ನಗು.

"ಮೊಣಕಾಲು," ಎಂದಳು ನಾಗವೇಣಿ. "ಅವರು ಹೇಳಿದ್ದು ಸರಿ."

"ದೊಡ್ಡ ಉಪಕಾರ ಆತ್ರೀ ಅಕ್ಕಾ. ಮೊಣಕಾಲಿನ ಮ್ಯಾಲೆ ಇನ್ನೊಂದು ಗೇಣು ಏರಿ ಎತ್ತರಿಸ್ತೀನಿ."

ನೀಲವ್ವ ಕೋಲಿನ ಮೇಲೆ ಇದ್ದಿಲಿನಿಂದ ಗೆರೆ ಎಳೆದುಕೊಂಡು ಹೋದಳು.

ನಾಗವೇಣಿ ಮತ್ತೆ ನಕ್ಷೆಗೆ ಕೂತಳು. ಈಗ ಅಡ್ಡಿ ಮಾಡುವವರು ಯಾರೂ ಇರಲಿಲ್ಲ. ಆದರೂ ಗೆರೆ ನೆಟ್ಟಗೆ ಬರಲಿಲ್ಲ.

ಏರಿಗೆ ಮಣ್ಣು ಬಿತ್ತು. ಒಂಬತ್ತು ದಿನ ಕೇರಿಯ ಹೆಂಗಸರು ಬುಟ್ಟಿ ಹೊತ್ತರು. ಒಂಬತ್ತು ದಿನವೂ ನಾಗವೇಣಿ ಅದೇ ಹಾದಿಯಲ್ಲಿ ಹೋಗಿ ಬಂದಳು. ಹೇಳಲು ಬಾಯಿ ಇತ್ತು, ಹೊತ್ತೂ ಇತ್ತು.

ಹತ್ತನೇ ದಿನ ಮಧ್ಯಾಹ್ನ ಬಿರುಗಾಳಿ ಬಂತು.

ಕೇರಿಯವರೆಲ್ಲ ಆಶ್ರಮದ ಚಾವಡಿಯಲ್ಲಿ ಕೂತರು. ಗಾಳಿ ಹಂಚು ಕಿತ್ತಿತು. ಮಳೆ ಗುಡ್ಡವನ್ನು ಬಡಿಯಿತು. ಇಂಗುಗುಂಡಿಗಳು ತುಂಬಿದವು, ಹುಲ್ಲು ಹಿಡಿದುಕೊಂಡಿತು, ನೀರು ನಡೆದುಕೊಂಡೇ ಇಳಿಯಿತು.

ಮರುದಿನ ಜನ ಕೆಳಗೆ ಹೋಗಿ ನೋಡಿದರು. ಹನ್ನೆರಡು ಮನೆಗಳಲ್ಲಿ ಒಂದರ ಹೊಸ್ತಿಲನ್ನೂ ನೀರು ದಾಟಿರಲಿಲ್ಲ.

"ನಾಗವೇಣಮ್ಮ, ನೀನು ನಮ್ಮ ಪಾಲಿನ ತಾಯಿ!" ಎಂದಳು ಕೇರಿಯ ಮುದುಕಿ ಬೊಮ್ಮಿ. ಇಷ್ಟು ದಿನ ಕಾದಿದ್ದ ಮಾತು ಅದು. ನಾಗವೇಣಿ ಕಿವಿ ತುಂಬ ಕೇಳಿದಳು.

ಆಮೇಲೆ ಬೊಮ್ಮಿ ಬಾವಿಯಿಂದ ಒಂದು ಕೊಡ ಸೇದಿ, ಬೊಗಸೆಯಲ್ಲಿ ಕುಡಿದು, ಥೂ ಎಂದು ಉಗಿದಳು.

ಹಲಗೆಯ ಬಾಗಿಲು ಸರಿಯಾಗಿಯೇ ಮುಚ್ಚಿಕೊಂಡಿತ್ತು. ಕಡಲು ಏರಿಯ ಮೇಲಿಂದ ಬಂದು, ಮನೆಗಳನ್ನು ಮುಟ್ಟದೆ ತಗ್ಗಿನ ಕೊಳದಲ್ಲೇ ನಿಂತಿತ್ತು. ಕೊಳ ಉಪ್ಪಾಗಿತ್ತು, ಬಾವಿಯೂ ಉಪ್ಪಾಗಿತ್ತು.

"ನನ್ನ ಅಳತಿ ತಪ್ಪಿತು," ಎಂದಳು ನೀಲವ್ವ. ಯಾರ ಹೆಸರನ್ನೂ ಹೇಳಲಿಲ್ಲ. ಗುಡ್ಡ ಹತ್ತಿ ಬಂದು ಬಟ್ಟೆಯ ಗಂಟು ಕಟ್ಟತೊಡಗಿದಳು.

ಅವಳು ಹೋಗಲಿ ಎಂದು ನಾಗವೇಣಿ ಎಂಟು ತಿಂಗಳಿನಿಂದ ಬೇಡಿಕೊಂಡಿದ್ದಳು. ಈಗ ಬಾಗಿಲಲ್ಲಿ ನಿಂತು ನೋಡಿದಳು.

ಮಗು ನಾಗವೇಣಿಯ ಸೆರಗು ಜಗ್ಗಿತು. ನೀರು ಬೇಕು ಅದಕ್ಕೆ. ಪಕ್ಕದಲ್ಲಿ, ನೀಲವ್ವ ನಸುಕಿನಲ್ಲೇ ಕೇರಿಯ ಬಾವಿಯಿಂದ ಗುರುಗಳಿಗೆಂದು ತಂದಿಟ್ಟ ತಂಬಿಗೆಯಿತ್ತು. ಯಾರೂ ತಡೆಯುವ ಮೊದಲೇ ಮಗು ಅದಕ್ಕೆ ಬಾಯಿ ಹಚ್ಚಿ, ಮುಖ ಕಿವುಚಿ, ನಾಗವೇಣಿಯನ್ನೇ ನೋಡುತ್ತ ಅಳತೊಡಗಿತು.

ಆಶ್ರಮದಲ್ಲಿ ಒಂದು ರೂಢಿಯಿತ್ತು. ಬೆಳಿಗ್ಗೆ ಗುರುಗಳು ಕುಡಿಯುವ ಮೊದಲ ನೀರು ಶಿಷ್ಯರು ತಂದದ್ದು. ಒಂದು ದಿನ ನಾಗವೇಣಿಯದು, ಒಂದು ದಿನ ನೀಲವ್ವನದು. ಅಂದು ಸರದಿ ನೀಲವ್ವನದು, ಗುರುಗಳು ಇನ್ನೂ ನೀರು ಕುಡಿದಿರಲಿಲ್ಲ.

ನಾಗವೇಣಿ ಗುಡ್ಡದ ಮೇಲಿನ ಬಾವಿಯ ಸಿಹಿನೀರನ್ನೇ ತಂದಿಟ್ಟಳು.

"ಅವಳ ತಂಬಿಗೆ ಕೊಡು," ಎಂದರು ಗುರುಗಳು.

"ಅದು ಉಪ್ಪು ಗುರುಗಳೇ!"

ಗುರುಗಳು ತಾವೇ ಎತ್ತಿಕೊಂಡರು. ಒಂದೇ ಉಸಿರಿಗೆ ತಳದ ತನಕ ಕುಡಿದರು. ಬಾಯಿ ಒರೆಸಿಕೊಂಡು ಕೋಲು ಹಿಡಿದು ಎದ್ದರು.

"ಬಾ."

ಹೊಳೆದಂಡೆಯಲ್ಲಿ ಹೊನ್ನೆಮರ ನಿಂತಿತ್ತು. ಬಿರುಗಾಳಿ ಬಳ್ಳಿಯನ್ನೆಲ್ಲ ಕಿತ್ತೊಯ್ದು ಕಾಂಡ ಬೆತ್ತಲಾಗಿತ್ತು. ನಿನ್ನೆಯ ನೊರೆ ಒಣಗಿ, ಸೊಂಟದ ಮಟ್ಟಕ್ಕೆ ಒಂದು ಬಿಳಿ ಗೆರೆ. ಆ ಗೆರೆಯ ಮೇಲೇ ಹಳೆಯ ಕತ್ತಿಯ ಗುರುತು.

ಗುರುಗಳು ಅದರಲ್ಲಿ ಬೆರಳಿಟ್ಟರು.

"ಬೆಳಿಗ್ಗೆ ಇಲ್ಲಿಗೆ ಬಂದಾಗ ಕಂಡಿತು. ವಾಲಿದ ಬಗೆ ನೋಡಿದರೆ ಎಡಗೈಯಿಂದ ಕೊಯ್ದದ್ದು."

ನಾಗವೇಣಿ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನೀವು ಅವಳ ಮಗುವನ್ನು ಎತ್ತಿಕೊಂಡು ಹೋದಿರಿ," ಎಂದಳು. "ಅವಳ ರೊಟ್ಟಿ ತಿಂದಿರಿ. ಅವಳ ಬಾಗಿಲಿಗೆ ಚಪ್ಪಾಳೆ ತಟ್ಟಿದಿರಿ. ಎಂಟು ವರ್ಷ ನಾನು..."

"ಹೌದು," ಎಂದರು ಗುರುಗಳು. "ನಿನ್ನ ಗಂಜಿ ಆರಿಹೋಯಿತು. ಆ ತಪ್ಪು ನನ್ನದು."

ಅಷ್ಟು ಸುಲಭವಾಗಿ ಒಪ್ಪಿಕೊಂಡರೆ ಮುಂದೆ ಏನೆಂದು ಜಗಳ ಮಾಡುವುದು?

"ಈ ಗುರುತು ಯಾಕೆ ಕೊಯ್ದಿದ್ದೆ, ನಾಗವೇಣಿ?"

"ಮುಂದೆ ಯಾವತ್ತಾದರೂ ಯಾರಿಗಾದರೂ ಬೇಕಾಗಬಹುದು ಅಂತ."

ಮೇಲೆ ಗುಡ್ಡದ ಹಾದಿಯಲ್ಲಿ ನೀಲವ್ವ ಇಳಿದು ಬರುತ್ತಿದ್ದಳು. ತಲೆಯ ಮೇಲೆ ಗಂಟು, ಸೊಂಟದಲ್ಲಿ ಮಗು, ಕೈಯಲ್ಲಿ ಇದ್ದಿಲಿನ ಗೆರೆಯಿದ್ದ ಅದೇ ಕೋಲು.

"ಆ ಯಾರೋ ಒಂದೇ ದಿನ ನಾಲ್ಕು ಸಲ ಬಂದಳಲ್ಲ ಮಗಳೇ," ಎಂದರು ಗುರುಗಳು. "ನೀನು ಮತ್ತೆ ಯಾರಿಗಾಗಿ ಕಾಯುತ್ತಿದ್ದೆ?"