ಬೇಡವಾದ ಮರಳುಶಂಖ

“ಗುರುಗಳೇ, ಒಂದೇ ಸೂರಿನಡಿ ಬಾಳುವವರನ್ನು ಆರಿಸುವಾಗ ಏನನ್ನು ನೋಡಬೇಕು?” ಎಂದು ಚೆನ್ನವೀರ ಕೇಳಿದ.

ಚೆನ್ನವೀರ ಮಠದ ಹಿರಿಯ ಶಿಷ್ಯ. ಮಠದಲ್ಲಿ ಯಾರು ಉಳಿಯಬೇಕು, ಯಾರು ಉಳಿಯಬಾರದು ಎಂಬುದನ್ನು ಗುರುಗಳು ಅವನ ವಿವೇಕಕ್ಕೇ ಬಿಟ್ಟಿದ್ದರು. ಅವನು ಬಾವಿಯಿಂದ ಆಗಷ್ಟೇ ಸೇದಿದ ನೀರನ್ನು ಚೊಂಬಿನಲ್ಲಿ ತಂದು ಗುರುಗಳ ಮುಂದಿಟ್ಟು ಕುಳಿತಿದ್ದ.

“ಇಂಥ ಪ್ರಶ್ನೆಯ ಹಿಂದೆ ಒಬ್ಬರ ಹೆಸರಿರುತ್ತದೆ. ಯಾರದು ಹೇಳು” ಎಂದರು ಗುರುಗಳು.

“ತಿಪ್ಪೇಶನದು. ಬಂದು ಇನ್ನೂ ತಿಂಗಳಾಗಿಲ್ಲ. ಅವನ ಕಣ್ಣಿಗೆ ಬರೀ ಕೊಳಕೇ ಬೀಳುತ್ತದೆ. ನಿನ್ನೆ ಊಟದ ಪಂಕ್ತಿಯಲ್ಲಿ ಎದ್ದು ನಿಂತು ಬಾವಿಯ ವಿಷಯ ಎತ್ತಿ ಕೂಗಾಡಿದ. ಎಲ್ಲರ ಊಟ ಕೆಟ್ಟಿತು. ಉಳಿದವರೆಲ್ಲ ಸೌಮ್ಯರು. ನಾಳೆ ಬೆಳಿಗ್ಗೆ ಅವನನ್ನು ಕಳಿಸಿಬಿಡೋಣ ಎಂದುಕೊಂಡಿದ್ದೇನೆ. ಹೋಗಲು ಅವನಿಗೆ ಬೇರೆ ಜಾಗವಿಲ್ಲ, ಅದೊಂದು ಮನಸ್ಸಿಗೆ ಚುಚ್ಚುತ್ತಿದೆ.”

“ಚುಚ್ಚಲಿ ಬಿಡು, ಒಳ್ಳೆಯದೇ” ಎಂದು ಗುರುಗಳು ಕತೆ ಶುರುಮಾಡಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಬಯಲುಸೀಮೆಯ ಪಟ್ಟಣದಲ್ಲಿ ಅವನ ಅಂಗಡಿ. ಅವನ ಹೆಂಡತಿ ಕಡಲ ತೀರದ ಊರಿನವಳು. ಅವಳಿಗೆ ಕಾಯಿಲೆ ಬಂತು. ಮೊದಲು ಅಂಗಳಕ್ಕೆ ಹೋಗುವುದು ನಿಂತಿತು, ಆಮೇಲೆ ಅಡುಗೆಮನೆಗೆ ಹೋಗುವುದು ನಿಂತಿತು, ಕೊನೆಗೆ ಹಾಸಿಗೆಯೇ ಗತಿಯಾಯಿತು. ವೈದ್ಯರು ವ್ಯಾಪಾರಿಯನ್ನು ಹೊರಗೆ ಕರೆದು ಇದು ವಾಸಿಯಾಗುವ ಕಾಯಿಲೆಯಲ್ಲ ಎಂದರು. ಅಂದಿನಿಂದ ಆ ಮನೆಯಲ್ಲಿ ಸಾವು ಎಂಬ ಮಾತನ್ನು ಯಾರೂ ಆಡಬಾರದು ಎಂದು ಅವನು ಕಟ್ಟಪ್ಪಣೆ ಮಾಡಿದ. ದೀಪದ ಎಣ್ಣೆ ಮುಗಿಯಿತು ಎಂದು ಕೂಡ ಯಾರೂ ಗಟ್ಟಿಯಾಗಿ ಹೇಳುವಂತಿರಲಿಲ್ಲ. ಅವನು ಕೆಟ್ಟವನಲ್ಲ. ಹೆಂಡತಿಯ ಮೇಲೆ ಜೀವವನ್ನೇ ಇಟ್ಟಿದ್ದ, ಹಾಗಾಗಿ ಹೆದರಿದ್ದ.

ಒಂದು ದಿನ ಅವಳು ಕಡಲನ್ನು ನೋಡಬೇಕು ಎಂದಳು. ಅಷ್ಟು ದೂರ ಅವಳನ್ನು ಒಯ್ಯುವಂತಿರಲಿಲ್ಲ. ವ್ಯಾಪಾರಿ ಕಡಲನ್ನೇ ಮನೆಗೆ ತರಲು ಹೊರಟ. ಅವಳ ಹಾಸಿಗೆಯ ಪಕ್ಕದಲ್ಲಿ ದೊಡ್ಡ ಗಾಜಿನ ತೊಟ್ಟಿ ಕಟ್ಟಿಸಿದ. ಉಪ್ಪುನೀರು ತುಂಬಿಸಿ, ಅಡಿಗೆ ಮರಳು ಹಾಸಿ, ಕಡಲಿನ ಬಂಡೆಗಳನ್ನು ಜೋಡಿಸಿದ. ಮೇಲೆ ದೀಪ ಹಾಕಿಸಿದ. ನೀರು ಆವಿಯಾಗಿ ಇಳಿದಾಗ ಸಿಹಿನೀರನ್ನೇ ಸುರಿಯಬೇಕು, ಉಪ್ಪು ಆವಿಯಾಗುವುದಿಲ್ಲ ಎಂಬುದನ್ನು ಕೇಳಿ ತಿಳಿದುಕೊಂಡ. ನೀರು ಹದಕ್ಕೆ ಬರುವ ತನಕ ವಾರಗಟ್ಟಲೆ ಕಾದ. ಬೇರೆಯವರಾಗಿದ್ದರೆ ಅಷ್ಟು ಕಾಯುತ್ತಿರಲಿಲ್ಲ.

ಆಮೇಲೆ ಕಡಲಜೀವಿಗಳನ್ನು ಮಾರುವವನ ಅಂಗಡಿಗೆ ಹೋದ. ಮೀನು ಬೇಡ ಎಂದ. ಒಂದನ್ನೊಂದು ತಿನ್ನುವುದು ಹೆಂಡತಿಯ ಕಣ್ಣಿಗೆ ಬೀಳಬಾರದು ಎಂದ. ಪ್ರತಿಯೊಂದು ಜೀವಿಯ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿದ: “ಇದು ಏನು ತಿನ್ನುತ್ತದೆ?”

ಹವಳ ಹೆಚ್ಚಾಗಿ ಬೆಳಕಿನಿಂದಲೇ ಬದುಕುತ್ತದೆ ಎಂದು ಅಂಗಡಿಯವನು ಹೇಳಿದ. ಬೆಳಕನ್ನು ಉಂಡು ಬದುಕುವ ಜೀವ ಎಂದು ಕೇಳಿ ವ್ಯಾಪಾರಿಯ ಕಣ್ಣು ತೇವವಾಯಿತು. ಅದನ್ನು ಕೊಂಡ. ಗರಿ ಬಿಚ್ಚಿ ನೀರಿನ ದೂಳನ್ನು ಹಿಡಿಯುವ ಹುಳುವನ್ನು ಕೊಂಡ. ಗಾಜಿನ ಪಾಚಿಯನ್ನು ಮೇಯುವ ದಪ್ಪ ಬಸವನಹುಳುಗಳನ್ನು ಕೊಂಡ. ಬಣ್ಣದ ಪಟ್ಟೆಯ ಸಿಗಡಿಯೊಂದು ಬಲು ಚೆಂದವಿತ್ತು. ಅದು ತನ್ನ ಜಾತಿಯ ಇನ್ನೊಂದು ಗಂಡನ್ನು ಕಂಡರೆ ಕೊಲ್ಲದೆ ಬಿಡುವುದಿಲ್ಲ ಎಂದು ಅಂಗಡಿಯವನು ಹೇಳಿದ ಮೇಲೆ ಬೇಡವೆಂದ. ಇನ್ನೊಂದು ಜೀವಿ ಹೂವಿನಂತೆ ಅರಳಿ ನಿಂತಿತ್ತು. ಅದು ಇಟ್ಟ ಕಡೆ ಇರುವುದಿಲ್ಲ, ಮೆಲ್ಲಗೆ ನಡೆದು ಹೋಗಿ ಪಕ್ಕದ ಹವಳವನ್ನು ಸುಡುತ್ತದೆ ಎಂದ ಮೇಲೆ ಅದನ್ನೂ ಬಿಟ್ಟ. ನಕ್ಷತ್ರಮೀನಿನ ಕಾಲನ್ನಲ್ಲದೆ ಬೇರೇನನ್ನೂ ತಿನ್ನದ ಸಿಗಡಿಯನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

ಇಷ್ಟರ ತನಕ ಅವನ ಆಯ್ಕೆಯಲ್ಲಿ ತಪ್ಪಿರಲಿಲ್ಲ. ಅಂಗಡಿಯವನೂ ತಲೆದೂಗಿದ. ನೀನೂ ಇಷ್ಟರ ತನಕ ಸರಿಯಾಗಿಯೇ ಆರಿಸಿದ್ದೀಯ ಚೆನ್ನವೀರ, ಮುಖ ಸಣ್ಣ ಮಾಡಬೇಡ.

ಕೊನೆಗೆ ಅಂಗಡಿಯವನು ಒಂದು ಬಟ್ಟಲು ತಂದ. ಅದರ ತುಂಬ ಬರೀ ಮರಳು ಕಾಣಿಸುತ್ತಿತ್ತು. ಅವನು ಒಣಗಿದ ಸಿಗಡಿಯ ಚೂರೊಂದನ್ನು ನೀರಿಗೆ ಹಾಕಿದ. ಮರಳು ಅಲ್ಲಲ್ಲಿ ಉಬ್ಬಿತು. ಉಗುರಿನಷ್ಟು ದೊಡ್ಡ ಬೂದುಬಣ್ಣದ ಶಂಖಗಳು ಮೇಲೆದ್ದು, ಸೊಂಡಿಲು ಚಾಚಿ, ಆ ಚೂರಿನ ಮೇಲೆ ಮುಗಿಬಿದ್ದವು.

“ಇವು ಮರಳುಶಂಖ. ಬದುಕಿದ್ದನ್ನು ಮುಟ್ಟೋದಿಲ್ಲ. ಸತ್ತದ್ದನ್ನು ಮಾತ್ರ ತಿನ್ನುತ್ತವೆ. ಒಂದು ಹಿಡಿ ತಗೊಂಡು ಹೋಗಿ ಸಾಹುಕಾರ್ರೇ.”

“ಛೆ ಛೆ! ಹೆಣ ತಿನ್ನೋದನ್ನ ಅವಳ ಹಾಸಿಗೆ ಪಕ್ಕ ತಂದಿಡಲಾ?”

“ತೊಟ್ಟಿ ಅಂದಮೇಲೆ ಒಂದಲ್ಲ ಒಂದು ಸಾಯ್ತದೆ. ಅದನ್ನ ಯಾರಾದರೂ ತೆಗೀಬೇಕಲ್ಲ?”

“ನನ್ನ ತೊಟ್ಟಿಯಲ್ಲಿ ಯಾರೂ ಸಾಯೋದಿಲ್ಲ!” ಎಂದು ವ್ಯಾಪಾರಿ ಕೂಗಿದ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಂಗಡಿಯವನು ಬಟ್ಟಲನ್ನು ಒಳಗಿಟ್ಟ.

ತೊಟ್ಟಿ ಅರಳಿತು. ಹವಳ ಬೆರಳು ಬಿಚ್ಚಿತು, ಹುಳು ಗರಿ ಬಿಚ್ಚಿತು, ಬಸವನಹುಳುಗಳು ಗಾಜನ್ನು ಒರೆಸುತ್ತಾ ನಿಧಾನವಾಗಿ ಏರಿ ಇಳಿದವು. ಬಂಡೆಯ ತೂತಿನಿಂದ ಬಹಳ ಕಾಲಿನ, ಜರಿಯಂಥ ಒಂದೆರಡು ಹುಳುಗಳು ಇಣುಕಿದವು. ಅವೂ ಸತ್ತದ್ದನ್ನು ತಿನ್ನುವ ಜಾತಿ ಎಂದು ಗೊತ್ತಾದಾಗ ವ್ಯಾಪಾರಿ ಅವನ್ನು ಚಿಮಟದಿಂದ ಹಿಡಿದು ಎಸೆದ. ಹೆಂಡತಿ ದಿನವಿಡೀ ಮಲಗಿದಲ್ಲಿಂದಲೇ ತೊಟ್ಟಿಯನ್ನು ನೋಡುತ್ತಿದ್ದಳು. ಅವಳ ಮುಖಕ್ಕೆ ಕಳೆ ಬಂತು. ಅದನ್ನು ನೋಡಿ ವ್ಯಾಪಾರಿ ಅಂಗಡಿಯಲ್ಲಿ ಗಿರಾಕಿಗಳಿಗೆಲ್ಲ ಒಂದು ಗೇಣು ಬಟ್ಟೆ ಹೆಚ್ಚಿಗೆ ಕೊಟ್ಟ.

ಒಂದು ಸಂಜೆ ಅವಳು ಕರೆದಳು. “ರೀ, ಆ ಬಂಡೆ ಹಿಂದೆ ಒಂದು ಬಸವನಹುಳು ಮಗುಚಿ ಬಿದ್ದಿದೆ. ಸತ್ತಿರಬೇಕು ಅನಿಸ್ತದೆ.”

ದಪ್ಪ ಚಿಪ್ಪಿನ ಆ ಬಸವನಹುಳು ಅಂಗಾತ ಬಿದ್ದರೆ ಎಷ್ಟೋ ಸಲ ತಾನಾಗಿ ಏಳಲಾರದು. ಅದು ಬಿದ್ದಿದ್ದ ಜಾಗ ನಿಂತವರಿಗೆ ಕಾಣುತ್ತಿರಲಿಲ್ಲ, ಮಲಗಿದವರಿಗೆ ಮಾತ್ರ ಕಾಣುತ್ತಿತ್ತು. ವ್ಯಾಪಾರಿ ನಿಂತೇ ನೋಡಿದ. “ಹಂಗೆಲ್ಲ ಅನ್ನಬಾರದು ಕಣೇ. ಮಲಗಿದೆ ಅಷ್ಟೆ” ಎಂದ. ಹೊದಿಕೆ ಸರಿಮಾಡಿ ಹೊರಟ.

ಮರುದಿನ ಅವಳು ಮತ್ತೆ ಹೇಳಿದಳು. “ಮಲಗಿದೆ ಅಂದೆನಲ್ಲ” ಎಂದು ಅವನು ಗದರಿದ. ಅವಳ ಮೇಲೆ ಅವನು ದನಿ ಎತ್ತಿದ್ದು ಅದೇ ಮೊದಲು. ಅವಳು ಮತ್ತೆ ಹೇಳಲಿಲ್ಲ.

ಬಂಡೆಯ ಹಿಂದೆ ಆ ಹುಳು ಕೊಳೆಯಿತು. ತಿನ್ನುವವರು ಯಾರೂ ಇರಲಿಲ್ಲ. ಕೊಳೆತದ್ದು ನೀರಿಗೆ ಸೇರಿತು, ಆ ನೀರಿಗೆ ಇನ್ನೊಂದು ಬಸವನಹುಳು ಸತ್ತಿತು, ಅದೂ ಕೊಳೆಯಿತು. ಒಂದು ಬೆಳಿಗ್ಗೆ ವ್ಯಾಪಾರಿ ಬಾಗಿಲು ತೆರೆದಾಗ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನಂತಿತ್ತು. ಗರಿಯ ಹುಳು ತನ್ನ ಕೊಳವೆಯಿಂದ ಜಾರಿ ಬಿದ್ದಿತ್ತು. ಹವಳ ಕರಗಿ ಬಂಡೆಯ ಮೇಲೆ ಲೋಳೆಯಾಗಿತ್ತು. ಕೋಣೆಯ ತುಂಬ ನಾತ. ಅದರ ನಡುವೆ ಅವನ ಹೆಂಡತಿ ಕಣ್ಣು ಬಿಟ್ಟುಕೊಂಡು ಮಲಗಿದ್ದಳು.

ಅವನು ನೆಲದ ಮೇಲೆ ಕುಸಿದು ಕುಳಿತು ಅಂಗಡಿಯವನನ್ನು ಬೈದ, ನೀರನ್ನು ಬೈದ, ಹಣೆಬರಹವನ್ನು ಬೈದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

“ಅದು ಸತ್ತಿದೆ ಅಂತ ಎರಡು ಸಲ ಹೇಳಿದೆ. ನೀವು ಕೇಳಲಿಲ್ಲ” ಎಂದಳು. “ನಾನು ಹೋಗೋದರ ಬಗ್ಗೆಯೂ ಎಷ್ಟು ಸಲ ಬಾಯಿ ತೆರೆದೆ. ಅದನ್ನೂ ನೀವು ಕೇಳೋದಿಲ್ಲ. ಈ ಮನೇಲಿ ನನಗೆ ಮಾತಾಡೋಕೆ ಯಾರಿದ್ದಾರೆ ಹೇಳಿ?”

ಆಗ ಅವನು ಅತ್ತ. ಕಾಯಿಲೆ ಬಂದಂದಿನಿಂದ ಅವಳ ಎದುರು ಒಮ್ಮೆಯೂ ಅತ್ತಿರಲಿಲ್ಲ. ಅವಳೂ ಅತ್ತಳು. ಅತ್ತ ಮೇಲೆ ಇಬ್ಬರಿಗೂ ಸ್ವಲ್ಪ ಹಗುರವಾಯಿತು.

ವ್ಯಾಪಾರಿ ತೊಟ್ಟಿಯನ್ನು ತೊಳೆದು ಮತ್ತೆ ನೀರು ತುಂಬಿಸಿ, ಮೊದಲಿನಂತೆಯೇ ಕಾದ. ಈ ಸಲ ಅಂಗಡಿಯವನ ಹತ್ತಿರ ಹೋಗಿ ಮೊದಲು ಕೇಳಿದ್ದು ಮರಳುಶಂಖವನ್ನು. ಹೊಸ ಹವಳದ ಪಕ್ಕದಲ್ಲಿ ಅವು ಮರಳಿನೊಳಗೆ ಸೇರಿಕೊಂಡವು. ಯಾರ ಕಣ್ಣಿಗೂ ಬೀಳಲಿಲ್ಲ. ಒಮ್ಮೆ ಬಸವನಹುಳುವೊಂದು ಸತ್ತಾಗ ಎಲ್ಲೆಲ್ಲಿಂದಲೋ ಎದ್ದು ಬಂದವು. ಸಂಜೆಯ ಹೊತ್ತಿಗೆ ಖಾಲಿ ಚಿಪ್ಪು ಉಳಿಯಿತು, ನೀರು ತಿಳಿಯಾಗಿಯೇ ಇತ್ತು. ಅವಳು ಅದನ್ನು ನೋಡಿ ನಕ್ಕಳು. ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ತನ್ನ ಸೀರೆಗಳು ಯಾರಿಗೆ ಹೋಗಬೇಕು, ಮುನಿಸಿಕೊಂಡ ತಂಗಿಗೆ ಏನು ಹೇಳಿ ಕಳಿಸಬೇಕು, ತಾನಿಲ್ಲದಾಗ ಅವನು ಯಾರ ಮನೆಯಲ್ಲಿ ಉಣ್ಣಬೇಕು ಎಂದೆಲ್ಲ ಹೇಳಿದಳು. ಅವನು ಕೇಳಿದ. ಬಹಳ ಕಷ್ಟಪಟ್ಟು ಕೇಳಿದ.

ಮಳೆಗಾಲ ಬರುವ ಮೊದಲೇ ಅವಳು ಹೋದಳು. ಹೇಳಬೇಕಾದ್ದನ್ನೆಲ್ಲ ಹೇಳಿಯೇ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ಉತ್ತರೀಯದ ತುದಿಯಿಂದ ಕಣ್ಣೊರೆಸಿಕೊಂಡ. ಅವನ ಮನಸ್ಸು ನಿಜವಾಗಿಯೂ ಕರಗಿತ್ತು.

“ತಿಳಿಯಿತು ಗುರುಗಳೇ. ಸೌಮ್ಯರನ್ನಷ್ಟೇ ಆರಿಸಿದರೆ ಸಾಲದು. ತಿಪ್ಪೇಶನನ್ನು ಕಳಿಸುವುದಿಲ್ಲ. ಹಿತ್ತಲ ಕಡೆಯ ಕೋಣೆ ಕೊಡುತ್ತೇನೆ, ಇರಲಿ. ಪಂಕ್ತಿಯಲ್ಲಿ ಮಾತ್ರ ಬಾಯಿ ಬಿಡಬಾರದು ಎಂದು ಹೇಳುತ್ತೇನೆ.”

ಗುರುಗಳು ಚೊಂಬನ್ನು ಎತ್ತಿಕೊಂಡರು. ಅದರೊಳಗೆ ಒಮ್ಮೆ ನೋಡಿದರು. ಕುಡಿಯದೆ ಕೆಳಗಿಟ್ಟರು.

“ಬಾವಿಗೆ ಏನಾಗಿದೆ ಅಂದನಪ್ಪಾ ಅವನು?”