ದಾಸವಾಳದ ಮೇಲಿನ ಬಿಳಿ ಮರಿ

"ಬುದ್ಧಿ, ಕಳ್ಳನನ್ನು ಹೊರಗೆ ಹಾಕಿದ್ದು ತಪ್ಪೇ?" ಎಂದು ಶಿಷ್ಯ ಷಡಕ್ಷರಿ ಕೇಳಿದ.

ಅವನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಮಠದ ಉಗ್ರಾಣದಲ್ಲಿ ದಾಸೋಹದ ಅಕ್ಕಿ ಕಳುವಾಗುತ್ತಿತ್ತು. ಅಲ್ಲಿಗೆ ಕಾಲಿಟ್ಟವರ ಮೇಲೆಲ್ಲ ಕೂಗಾಡುವ ಮಠದ ಬಾಯಿಬಡುಕ ಆಳು ಕರಿಬಸಪ್ಪ ಹೋದ ವಾರ ಅಕ್ಕಿ ಮೂಟೆಗಳ ನಡುವೆ ಕೂತದ್ದು ಷಡಕ್ಷರಿಯ ಕಣ್ಣಿಗೆ ಬಿತ್ತು. ರಟ್ಟೆ ಹಿಡಿದು ಮಠದಿಂದಲೇ ಆಚೆ ದಬ್ಬಿದ್ದ. ಅಂದಿನಿಂದ ಗುರುಗಳು ಷಡಕ್ಷರಿಯೊಡನೆ ಮಾತು ಬಿಟ್ಟಿದ್ದರು.

ಈಗಲೂ ಮುಖ ಗಂಟಿಕ್ಕಿಕೊಂಡೇ "ಕೂತುಕೊ" ಎಂದರು. ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗೃಹಿಣಿ. ಅವಳ ತಾಯಿ ಸಾಯುವ ಮುಂಚೆ ತನ್ನ ಹಿತ್ತಲಿನ ದಾಸವಾಳದ ಕಡ್ಡಿಯೊಂದನ್ನು ಮುರಿದು ಕೊಟ್ಟಿದ್ದಳು. ತವರಿನಿಂದ ಅವಳಿಗೆ ಉಳಿದದ್ದು ಅದೊಂದೇ. ಕುಂಡದಲ್ಲಿ ನೆಟ್ಟು, ಪಡಸಾಲೆಯ ಕಿಟಕಿಯ ಬಳಿ ಇಟ್ಟು ಬೆಳೆಸಿದಳು. ಹೂ ಬಿಟ್ಟಾಗ "ಅವ್ವ ಬಂದಳು" ಎನ್ನುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಗಿಡಕ್ಕೆ ಬಿಳಿ ತಿಗಣೆ ಹತ್ತಿತು. ಹಿಟ್ಟು ಮೆತ್ತಿದ ಹಾಗೆ ಚಿಗುರಿಗೆಲ್ಲ ಅಂಟಿಕೊಂಡು ರಸ ಹೀರುವ ಹುಳ. ತೊಳೆದಳು, ಬೂದಿ ಎರಚಿದಳು. ಹೋಗಲಿಲ್ಲ. ಪಕ್ಕದ ಮನೆಯಲ್ಲಿದ್ದ ವಾರಗಿತ್ತಿ ಇದನ್ನು ನೋಡಿದಳು. ಇಬ್ಬರದೂ ಎಣ್ಣೆ ಸೀಗೆಕಾಯಿ. ಆದರೂ ಅವಳು ತನ್ನ ಸೀಬೆ ಮರದಿಂದ ಕರಿ ಮೈಯ, ಕೆಂಚು ತಲೆಯ ಪುಟ್ಟ ದುಂಬಿಗಳನ್ನು ದೊನ್ನೆಯಲ್ಲಿ ಹಿಡಿದು ತಂದು ಗಿಡಕ್ಕೆ ಬಿಟ್ಟಳು. "ಇವು ತಿಗಣೆ ತಿಂತಾವೆ. ಗಿಡಾನ ಮುಟ್ಟದೆ ಸುಮ್ನಿರು ಅಕ್ಕಾ" ಎಂದಳು.

ದುಂಬಿಗಳು ಮೊಟ್ಟೆಯಿಟ್ಟವು. ಮರಿಗಳು ಹೊರಬಂದವು. ದುಂಬಿಯ ಮರಿ ದುಂಬಿಯಂತೆ ಇರುವುದಿಲ್ಲ. ಇವುಗಳ ಮೈಮೇಲೂ ತಿಗಣೆಯದೇ ರೀತಿಯ ಬಿಳಿ ಜೂಲು. ಗಾತ್ರದಲ್ಲಿ ತಿಗಣೆಗಿಂತ ದೊಡ್ಡವು, ನೋಡಲು ಅಸಹ್ಯ. ಗೃಹಿಣಿ ಕಂಡವಳೇ ಉರಿದುಬಿದ್ದಳು. ಪೊರಕೆ ಕಡ್ಡಿಯಿಂದ ಅವನ್ನೆಲ್ಲ ಕೆರೆದು ತೆಗೆದು, ಹೊಸಕಿ, ವಾರಗಿತ್ತಿಯ ಹೊಸಿಲ ಮೇಲೆ ಸುರಿದಳು.

"ನಮ್ಮವ್ವ ಕೊಟ್ಟ ಗಿಡ ಸಾಯಿಸೋಕೆ ಇನ್ನೂ ದೊಡ್ಡ ಹುಳಾನೇ ಸಾಕಿ ತಂದ್ಯೇನೇ, ಮನೆಹಾಳಿ!"

"ಅಯ್ಯೋ, ಅವು ಏನು ತಿಂತಿದ್ವು ಅಂತ ನೋಡಿದ್ಯಾ ಅಕ್ಕಾ?"

ನೋಡಿರಲಿಲ್ಲ. ಬಿಳಿ ಬಣ್ಣ ನೋಡಿದ್ದಳು, ತಿಗಣೆಗಳ ನಡುವೆ ಕೂತದ್ದನ್ನು ನೋಡಿದ್ದಳು. ಬಾಯಲ್ಲಿ ಏನಿದೆ ಎಂದು ಬಗ್ಗಿ ನೋಡಲು ಎಷ್ಟು ಹೊತ್ತು ಬೇಕು? ಸಿಟ್ಟು ಬಂದವರಿಗೆ ಬಗ್ಗಲು ಪುರಸೊತ್ತಿಲ್ಲ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಗಿಡ ಕಾಯುತ್ತಿದ್ದವನ್ನು ಹೊಸಕಿ ಹಾಕಿದಳು. ತಿಗಣೆಗಳು ಹಾಯಾಗಿ ಮನೆ ಮಾಡಿಕೊಂಡವು.

ಕೆಲವು ದಿನದ ಮೇಲೆ ಎಲೆಯಡಿ ತಪ್ಪಿಸಿಕೊಂಡಿದ್ದ ಒಂದು ಬಿಳಿ ಮರಿ ಕಂಡಿತು. ಅದನ್ನೂ ಹೊಸಕಲು ಬಗ್ಗಿದಳು. ಅದರ ಬಾಯಲ್ಲಿ ತಿಗಣೆಯಿತ್ತು. ಓಡಿಹೋಗಿ ವಾರಗಿತ್ತಿಯ ಬಾಗಿಲು ಬಡಿದಳು. ಅದು ತೆರೆಯಲಿಲ್ಲ. ಒಂದು ಮರಿ ಎಷ್ಟು ತಿಂದೀತು? ಅವ್ವನ ಗಿಡ ಬುಡದವರೆಗೂ ಒಣಗಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಗುರುಗಳು ನಿಲ್ಲಿಸಿದರು. ಷಡಕ್ಷರಿಗೆ ಸಮಾಧಾನವಾಗಲಿಲ್ಲ.

"ಆದರೆ ಬುದ್ಧಿ, ಕರಿಬಸಪ್ಪ ಮೂಟೆಗಳ ನಡುವೆಯೇ ಕೂತಿದ್ದ. ಅವನು ಹೋದ ಮೇಲೆ ನೋಡಿ, ಉಗ್ರಾಣದಲ್ಲಿ ಗಲಾಟೆಯೇ ನಿಂತಿದೆ" ಎಂದ.

"ಗಲಾಟೆ ನಿಂತಿದೆ," ಎಂದರು ಗುರುಗಳು, "ಅಕ್ಕಿ ಕಳುವಾಗುವುದು ನಿಂತಿದೆಯೇ?"