ಬಣ್ಣಕ್ಕನ ಬಿಂಕ

ಹಳೇ ಜೀಪಿನೊಳಗೆ ನಡೆದ ರಂಪ ಕೇಳಿ. ಮೇಸ್ತ್ರಿ ದಸ್ತಗೀರ್ ವೈರೆಲ್ಲ ಹೊಸದು ಎಳೆದ, ಆದರೆ ಅರ್ತ್ ವೈರನ್ನು ಹೊಸ ಬಣ್ಣದ ಮೇಲೇ ಬಿಗಿದುಬಿಟ್ಟ. ದೀಪ ಹತ್ತಲಿಲ್ಲ, ಹಾರನ್ನು ಕೂಗಲಿಲ್ಲ. ಇವತ್ತು ಸರಿಹೋಗದಿದ್ದರೆ ಜೀಪು ಗುಜರಿಗೆ.

“ಬಣ್ಣಕ್ಕಾ, ಚೂರು ಸರಿ. ಕಬ್ಬಿಣ ಮುಟ್ಟದೆ ಕರೆಂಟು ಹರಿಯೋದಿಲ್ಲ,” ಎಂದ ಅರ್ತ್ ವೈರು.

“ಮೊನ್ನೆ ತಾನೇ ಸಿಂಗಾರವಾದ ಮೈ ಇದು. ಗ್ರೀಸು ಮೂತಿಯವನೇ, ದೂರ ಇರು,” ಎಂದಳು ಬಣ್ಣಕ್ಕ.

“ಗುಜರಿಯವನ ಮುಂದೆ ಸಿಂಗಾರ ತೋರಿಸ್ತೀಯೇನೇ?”

ಬಣ್ಣಕ್ಕ ಬೆಚ್ಚಿ, ಬೋಲ್ಟಿನ ಪಕ್ಕ ತಾನೇ ಸಿಪ್ಪೆಯೆದ್ದಳು. ಅದನ್ನು ಕಂಡ ದಸ್ತಗೀರ್ ಅಷ್ಟಗಲ ಕೆರೆದು ವೈರು ಬಿಗಿದ. ದೀಪ ಝಗ್ಗೆಂದಿತು, ಹಾರನ್ನು ಓಣಿಯನ್ನೇ ಎಬ್ಬಿಸಿತು.

ಈಗ ಬಣ್ಣಕ್ಕ ಆ ಬೋಳು ಜಾಗವನ್ನೇ ಕಂಡಕಂಡವರಿಗೆಲ್ಲ ತೋರಿಸ್ತಾಳೆ: “ಜೀಪು ಉಳಿಸಿದವಳು ನಾನೇ ಕಣ್ರೀ.”